ಹಳೆಯ ಕಲ್ಲುಗಳ ಹೊಣೆ

(ಬಸವ ಜಯಂತಿಯ ನಿಮಿತ್ತ ನಡೆದ ಪ್ರವಚನಮಾಲೆಯಲ್ಲಿ ಪೂಜ್ಯರು ನೀಡಿದ ಆಶೀರ್ವಚನ)



ಇಂದಿನ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಲಿಂಗಾಯತ ಮಠದ ಸ್ವಾಮಿಗಳು ಹಳೆಯ ಗುಡಿ, ಹಳೆಯ ಬಾವಿ, ಬಿದ್ದುಹೋದ ಅಗಸಿ ಬಾಗಿಲುಗಳ ವಿಷಯವಾಗಿ ಏಕೆ ಮಾತನಾಡಬೇಕು? ಅಣ್ಣ ಬಸವಣ್ಣನವರು ಶರೀರವನ್ನೇ ಗುಡಿಯೆಂದು ಕಂಡವರು. ನಿಂತದ್ದಕ್ಕೆ ನಾಶವುಂಟು, ನಡೆಯುವುದಕ್ಕೆ ನಾಶವಿಲ್ಲ ಎಂಬ ಅರ್ಥದ ಅವರ ಮಾತು ನಿಮ್ಮ ಮನೆಯ ಮಕ್ಕಳಿಗೂ ಬಾಯಿಪಾಠವಿದೆ. ಹಾಗಿರುವಲ್ಲಿ ಅಳಿಯುವ ಕಲ್ಲನ್ನು ಉಳಿಸಿರೆಂದು ಹೇಳುವುದು ಆ ಮಾತಿಗೆ ವಿರೋಧವಲ್ಲವೇ? ಈ ಪ್ರಶ್ನೆಯನ್ನು ನಮ್ಮ ಎದುರಿಗೇ ಒಬ್ಬ ತರುಣರು ಎತ್ತಿದರು. ಒಳ್ಳೆಯ ಪ್ರಶ್ನೆ. ಅದನ್ನು ತಳ್ಳಿಹಾಕಿ ಮುಂದೆ ಹೋಗುವಂತಿಲ್ಲ.

ಮೊದಲು ಒಂದನ್ನು ವಿಚಾರ ಮಾಡಿರಿ. ಆ ವಚನ ನಿಮಗೆ ಎಲ್ಲಿಂದ ಬಂತು? ಕಲ್ಯಾಣದಿಂದ ನೇರವಾಗಿ ನಿಮ್ಮ ನಾಲಿಗೆಗೆ ಬರಲಿಲ್ಲ. ಕಲ್ಯಾಣ ಒಡೆದು ಶರಣರು ದಿಕ್ಕು ದಿಕ್ಕಿಗೆ ಚದುರಿದ ಮೇಲೆ ಯಾರೋ ಒಬ್ಬರು ಅದನ್ನು ಗರಿಯ ಮೇಲೆ ಕೊರೆದರು. ಆ ಗರಿ ಹಳತಾದಾಗ ಇನ್ನೊಬ್ಬರು ಪ್ರತಿ ಮಾಡಿದರು. ಆ ಪ್ರತಿ ಯಾವುದೋ ಊರಿನ ಯಾವುದೋ ಮನೆಯ ದೇವರ ಕೋಣೆಯಲ್ಲಿ, ಅರಿವೆಯಲ್ಲಿ ಸುತ್ತಿಕೊಂಡು, ನೂರಾರು ವರ್ಷ ಕುಳಿತಿತ್ತು. ಮನೆಯವರು ವರ್ಷಕ್ಕೊಮ್ಮೆ ಅದಕ್ಕೆ ವಿಭೂತಿ ಹಚ್ಚಿ ಹೂವು ಏರಿಸುತ್ತಿದ್ದರು. ಬಿಚ್ಚಿ ಓದುತ್ತಿರಲಿಲ್ಲ. ಒಳಗೆ ಹುಳು ತನ್ನ ಕೆಲಸ ಮಾಡುತ್ತಿತ್ತು.

ವಿಜಯಪುರದ ವಕೀಲರಾದ ಡಾ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆ ಮನೆಯ ಬಾಗಿಲು ಬಡಿದು ಈ ತಾಡವೋಲೆಗಳನ್ನು ಕೂಡಿಹಾಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. ಮುಂದೆ ತಮ್ಮ ಸ್ವಂತ ಮನೆಯನ್ನು ಮಾರಿ ಮುದ್ರಣಾಲಯ ಹಾಕಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಗರಿಯೆಂಬುದು ಸ್ಥಾವರವೇ ಅಲ್ಲವೇ? ಅದಕ್ಕೂ ಅಳಿವುಂಟು. ಹಳಕಟ್ಟಿಯವರು ಅದನ್ನು ಅಳಿಯಲು ಬಿಟ್ಟಿದ್ದರೆ ಅದರೊಳಗಿನ ಜಂಗಮದ ಗತಿ ಏನಾಗುತ್ತಿತ್ತು? ನಡೆಯುವ ಮಾತಿಗೂ ಒಂದು ಇಳಿದಾಣ ಬೇಕು. ಅಣ್ಣನವರು ಕಲ್ಲಿಗೆ ಜೋತುಬೀಳಬೇಡಿರೆಂದರು; ಕಲ್ಲನ್ನು ಒಡೆದು ರಸ್ತೆಗೆ ಹಾಸಿರೆಂದು ಹೇಳಲಿಲ್ಲ. ಕಲ್ಲನ್ನು ದೇವರೆಂದು ತಿಳಿಯುವುದು ಬೇರೆ, ಕಲ್ಲನ್ನು ಹಿರಿಯರ ಕೈಬರಹವೆಂದು ತಿಳಿಯುವುದು ಬೇರೆ. ಎರಡನೆಯದನ್ನು ಕುರಿತು ನಾವು ಮಾತನಾಡುತ್ತಿದ್ದೇವೆ.

ದೂರದ ಉದಾಹರಣೆ ಬೇಡ. ನಮ್ಮ ಗದಗಿನಿಂದ ಹೊಸಪೇಟೆಯ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರಿನಷ್ಟು ಹೋದರೆ ಲಕ್ಕುಂಡಿ. ನಿಮ್ಮಲ್ಲಿ ಅನೇಕರಿಗೆ ಅಲ್ಲಿ ಬೀಗರಿದ್ದಾರೆ. ಲಗ್ನಕ್ಕೆ, ಸೀಮಂತಕ್ಕೆ ಹೋಗಿ ಬಂದಿದ್ದೀರಿ. ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಬಸ್ಸು ಹತ್ತಿ ಬಂದವರೇ ಹೆಚ್ಚು. ಗುಡಿಗಳನ್ನು ನಿಂತು ನೋಡಿದವರು ಎಷ್ಟು ಜನ? (ಕೈ ಎತ್ತಿದವರನ್ನು ಕಂಡು) ಆಗಲಿ, ಅಷ್ಟಾದರೂ ಇದ್ದೀರಿ.

ಆ ಊರಿನ ಹಳೆಯ ಹೆಸರು ಲೊಕ್ಕಿಗುಂಡಿ. ಇಂದು ಅದು ಹಳ್ಳಿ, ಅಂದು ಮಹಾಪಟ್ಟಣ. ಅಲ್ಲಿ ಟಂಕಸಾಲೆಯಿತ್ತು, ಬಂಗಾರದ ನಾಣ್ಯಗಳು ಅಚ್ಚಾಗುತ್ತಿದ್ದವು. ಶಾಸನಗಳಲ್ಲಿ ದಾನವನ್ನು ಹೇಳುವಾಗ ಲೊಕ್ಕಿಯ ಗದ್ಯಾಣವೆಂದೇ ಎಣಿಸುತ್ತಿದ್ದರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಅದು ಬೆಳೆಯಿತು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ವೀರಬಲ್ಲಾಳನು ಸೇವುಣರನ್ನು ಸೋಲಿಸಿ ಅಲ್ಲಿಯೇ ಬೀಡುಬಿಟ್ಟು ಅದನ್ನು ತನ್ನ ರಾಜಧಾನಿಯಂತೆ ಮಾಡಿಕೊಂಡನು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಹೇಳುತ್ತ ಬಂದಿದ್ದಾರೆ. ಲೆಕ್ಕ ಹಾಕಿ ನೋಡಲು ಈಗ ಅಷ್ಟು ಕಾಣುವುದಿಲ್ಲ. ಉಳಿದಿರುವಷ್ಟನ್ನೇ ನೋಡಿದರೂ ನಿಮ್ಮ ಕಣ್ಣು ತಣಿಯುತ್ತದೆ.

ಬಾದಾಮಿ, ಐಹೊಳೆಗಳಲ್ಲಿ ಮರಳುಗಲ್ಲಿನ ಗುಡಿಗಳನ್ನು ಕಂಡಿದ್ದೀರಿ. ಲಕ್ಕುಂಡಿಯಲ್ಲಿ ಬಳಸಿದ್ದು ಬಳಪದ ಕಲ್ಲು. ಈ ಕಲ್ಲಿನ ಗುಣ ವಿಚಿತ್ರವಾದದ್ದು. ಗಣಿಯಿಂದ ತೆಗೆದಾಗ ಮೃದು, ಉಳಿ ಹೇಳಿದಂತೆ ಕೇಳುತ್ತದೆ. ಗಾಳಿ ಬಿಸಿಲಿಗೆ ತೆರೆದಿಟ್ಟಂತೆ ಗಡುಸಾಗುತ್ತದೆ. ಕಾಶಿವಿಶ್ವನಾಥ ಗುಡಿಯ ಕಂಬಗಳನ್ನು ನೋಡಿರಿ, ಬಡಿಗನು ತೊಟ್ಟಿಲ ಕಾಲನ್ನು ತಿರುಗಣಿಯಲ್ಲಿ ಕಡೆದಂತೆ ಕಲ್ಲನ್ನು ಕಡೆದಿದ್ದಾರೆ. ಬಾಗಿಲವಾಡದ ಬಳ್ಳಿಯ ಕೆತ್ತನೆಯಲ್ಲಿ ಎಲೆಯ ಹಿಂದೆ ಬೆಳಕು ಆಡುತ್ತದೆ. ಅದರ ಎದುರಿಗೆ ಅದರತ್ತಲೇ ಮುಖ ಮಾಡಿದ ಸೂರ್ಯನ ಗುಡಿಯಿದೆ. ಪಕ್ಕದಲ್ಲಿ ನನ್ನೇಶ್ವರ. ಆ ಕಡೆ ಮಾಣಿಕೇಶ್ವರ ಗುಡಿ, ಅದರ ಮುಂದೆ ಮುಸುಕಿನ ಬಾವಿ. ಬಾವಿಯೆಂದರೆ ನೀರಿನ ತೆಗ್ಗು ಎಂದು ತಿಳಿದವರು ಅದನ್ನು ಒಮ್ಮೆ ಇಳಿದು ನೋಡಬೇಕು. ಮೆಟ್ಟಿಲ ಸಾಲಿನ ನಡುನಡುವೆ ಪುಟ್ಟ ಪುಟ್ಟ ಗುಡಿಯಂಥ ಗೂಡುಗಳು. ನೀರು ತರಲು ಹೋದ ಹೆಣ್ಣುಮಗಳಿಗೆ ಕೂಡ ಕಣ್ಣಿಗೆ ಚೆಲುವು ಸಿಗಲಿ ಎಂದು ಯಾರೋ ಯೋಚಿಸಿದರಲ್ಲ, ಅದು ನಮಗೆ ದೊಡ್ಡದಾಗಿ ತೋರುತ್ತದೆ.

ನಮಗೆ ಆ ಊರು ಇನ್ನೊಂದು ಕಾರಣಕ್ಕಾಗಿ ಹತ್ತಿರದ್ದು. ಅದು ಶರಣ ಅಜಗಣ್ಣನವರ ಊರು, ಅವರ ತಂಗಿ ಮುಕ್ತಾಯಕ್ಕನವರ ತವರು. ಅಜಗಣ್ಣನವರು ಗುಪ್ತಭಕ್ತರು, ತಮ್ಮ ಭಕ್ತಿಯನ್ನು ಯಾರಿಗೂ ತೋರಗೊಡಲಿಲ್ಲ. ಒಂದು ದಿನ ಬಾಗಿಲು ದಾಟುವಾಗ ಬಾಗಿಲವಾಡ ತಲೆಗೆ ಬಡಿದು ಲಿಂಗೈಕ್ಯರಾದರೆಂದು ಹಿರಿಯರು ಹೇಳುತ್ತಾರೆ. ತಂಗಿ ಅಣ್ಣನ ಮುಂದೆ ಕುಳಿತು ಅಳುತ್ತಿರುವಾಗ ಅಲ್ಲಮಪ್ರಭುಗಳು ಬಂದರು. ಅವರಿಬ್ಬರ ನಡುವೆ ನಡೆದ ಮಾತು ಶೂನ್ಯಸಂಪಾದನೆಯ ಒಂದು ಪ್ರಕರಣವೇ ಆಗಿದೆ. ಪ್ರಭುದೇವರ ಎದುರಿಗೆ ನಿಂತು ಹೆಣ್ಣುಮಗಳೊಬ್ಬಳು ಅಷ್ಟು ಧೈರ್ಯವಾಗಿ ವಾದ ಮಾಡಿದ್ದು ಈ ನೆಲದ ಮಣ್ಣಿನಲ್ಲಿ. ಲಕ್ಕುಂಡಿಯ ಓಣಿಯಲ್ಲಿ ನಡೆಯುವಾಗ, ತಗ್ಗಾದ ಒಂದು ಹಳೆಯ ಬಾಗಿಲನ್ನು ಕಂಡಾಗ, ತಲೆ ತಾನಾಗಿ ಬಾಗುತ್ತದೆ. ಆ ಬಾಗಿಲುಗಳನ್ನೆಲ್ಲ ತೆಗೆದು ಕಬ್ಬಿಣದ ಶಟರ್ ಹಾಕಿದ ಮೇಲೆ ಕಥೆಯನ್ನು ಮೊಮ್ಮಗನಿಗೆ ಹೇಳಬಹುದು, ಆದರೆ "ನೋಡಪ್ಪಾ, ಇಂಥ ಬಾಗಿಲು" ಎಂದು ತೋರಿಸಲು ಏನೂ ಇರುವುದಿಲ್ಲ.

ಆದರೆ ಲಕ್ಕುಂಡಿಯ ಅತಿ ದೊಡ್ಡ ಹೆಸರು ನಮ್ಮ ಧರ್ಮದವರದಲ್ಲ. ಅತ್ತಿಮಬ್ಬೆ ಜೈನ ತಾಯಿ. ಗಂಡ ನಾಗದೇವ ಯುದ್ಧದಲ್ಲಿ ಮಡಿದ. ಅದೇ ಗಂಡನನ್ನು ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿದಳು. ಬದುಕಿ ಏನು ಮಾಡಿದಳು? ಪೊನ್ನನ ಶಾಂತಿಪುರಾಣ ಅಳಿಯದಿರಲೆಂದು 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣ ಯಂತ್ರವಿಲ್ಲದ ಕಾಲ. ಒಂದೊಂದು ಗರಿಯನ್ನೂ ಕೈಯಿಂದಲೇ ಕೊರೆಯಬೇಕು. ಕವಿ ರನ್ನನಿಗೆ ಆಶ್ರಯ ಕೊಟ್ಟಳು. ಅವನು 993ರಲ್ಲಿ ಅಜಿತಪುರಾಣವನ್ನು ಬರೆದು ಅವಳ ಹೆಸರನ್ನು ನಿಲ್ಲಿಸಿದನು. ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಅಲ್ಲಿಯ ಶಾಸನ 1007ರದು. ಒಂದು ಸಾವಿರ ವರ್ಷ ದಾಟಿತು. ಗುಡಿ ನಿಂತಿದೆ.

ಅಜಗಣ್ಣನವರ ಊರಿನಲ್ಲಿ ಅತ್ತಿಮಬ್ಬೆಯ ಬಸದಿ. ಒಂದನ್ನು ಉಳಿಸಿ ಇನ್ನೊಂದನ್ನು ಕೈಬಿಡುತ್ತೇವೆಂದರೆ ಅದು ಊರನ್ನು ಉಳಿಸಿದಂತಲ್ಲ. ಅಬ್ಬಲೂರಿನ ಗುಡಿಯ ಶಾಸನವನ್ನು ಓದಿದರೆ ಏಕಾಂತದ ರಾಮಯ್ಯನವರ ಕಾಲಕ್ಕೆ ಶೈವರಿಗೂ ಜೈನರಿಗೂ ಎಂಥ ಕಾದಾಟ ನಡೆದಿತ್ತೆಂಬುದು ತಿಳಿಯುತ್ತದೆ. ನಮ್ಮ ಹಿರಿಯರು ಅದನ್ನು ಬಚ್ಚಿಡಲಿಲ್ಲ, ಕಲ್ಲಿನಲ್ಲಿ ಕೊರೆದರು. ನಾವೂ ಬಚ್ಚಿಡುವ ಕಾರಣವಿಲ್ಲ. ಊರಿನ ದರ್ಗಾ ಇರಲಿ, ಬಸದಿ ಇರಲಿ, ಮಠ ಇರಲಿ, ಅದರ ಗೋಡೆ ಬಿರುಕು ಬಿಟ್ಟರೆ ಅದು ಊರಿನ ಗೋಡೆ. ಇದರಲ್ಲಿ ನಮಗೆ ಎರಡನೆಯ ಮಾತಿಲ್ಲ.

ಇವುಗಳನ್ನು ಕೆಡಿಸುವವರು ಯಾರು? ಶತ್ರುಗಳ ದಂಡಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಾವು ಕಂಡ ಮಟ್ಟಿಗೆ ಹೆಚ್ಚು ಕೆಡಿಸಿದವರು ಭಕ್ತರು. ಕೋಪ ಮಾಡಿಕೊಳ್ಳಬೇಡಿರಿ. ಗುಡಿಗೆ ವರ್ಷ ವರ್ಷ ಸುಣ್ಣ ಬಳಿದು ಬಳಿದು ಕೆತ್ತನೆಯ ಕಣ್ಣು ಮೂಗು ಮುಚ್ಚಿಸಿದವರು ಭಕ್ತರು. ಅದು ಸಾಲದೆಂದು ಈಗ ಎಣ್ಣೆಯ ಬಣ್ಣ ಬಂದಿದೆ. ಬಳಪದ ಕಲ್ಲಿನ ಮೇಲೆ ಹಸಿರು, ಗುಲಾಬಿ. ನೆಲಕ್ಕೆ ಜಾರುವ ಟೈಲ್ಸ್. ಆಮೇಲೆ ನಿಧಿಯ ಹುಚ್ಚಿನವರು. ಅಮವಾಸ್ಯೆಯ ರಾತ್ರಿ ಬಂದು ನಂದಿಯನ್ನು ಎಬ್ಬಿಸಿ, ಪಾಣಿಪೀಠವನ್ನು ಒಡೆದು ಹೋಗುತ್ತಾರೆ. ಅವರಿಗೆ ಸಿಗುವುದು ಮಣ್ಣು. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕಾಯ್ದೆಯಿದೆ, ಅದಿರಲಿ. ಒಡೆದ ನಂದಿಯನ್ನು ಜೋಡಿಸುವವರು ಯಾರು? ಇನ್ನು ನಮ್ಮ ಊರೂರಿನ ವೀರಗಲ್ಲುಗಳು. ದನಗಳನ್ನು ಹೊಡೆದುಕೊಂಡು ಹೋದ ಕಳ್ಳರ ಬೆನ್ನು ಹತ್ತಿ ಸತ್ತ ಗಂಡುಮಗನ ಕಲ್ಲು ಅದು. ಎಷ್ಟೋ ಕಡೆ ಅದು ಹಳ್ಳದ ದಂಡೆಯಲ್ಲಿ ಅರಿವೆ ಒಗೆಯುವ ಕಲ್ಲಾಗಿದೆ. ಶಾಸನದ ಕಲ್ಲು ದನದ ಕೊಟ್ಟಿಗೆಯ ಹಾಸಾಗಿದೆ. ನೂರು ವರ್ಷಗಳ ಹಿಂದೆ ಫ್ಲೀಟರಂಥ ಪರದೇಶದ ಅಧಿಕಾರಿ ಕನ್ನಡ ಕಲಿತು ಈ ಕಲ್ಲುಗಳನ್ನು ಓದಿ ಅಚ್ಚು ಹಾಕಿಸಿದರು. ನಾವು ಅದರ ಮೇಲೆ ಸಾಬೂನು ತಿಕ್ಕುತ್ತಿದ್ದೇವೆ.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹೇಳದಿದ್ದರೆ ಅನ್ಯಾಯವಾಗುತ್ತದೆ. ಐಹೊಳೆಯಲ್ಲಿ ಲಾಡಖಾನ ಗುಡಿ ಎಂಬುದಿದೆ. ಲಾಡಖಾನ ಎಂಬುವರು ಒಮ್ಮೆ ಅದರೊಳಗೆ ಮನೆ ಮಾಡಿಕೊಂಡು ಇದ್ದರು, ಅದರಿಂದ ಆ ಹೆಸರು. ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ, ಈ ಹೆಸರುಗಳನ್ನು ಕೇಳಿರಿ. ದೇವರ ಹೆಸರಲ್ಲ, ಜನರ ಹೆಸರು. ಚಾಲುಕ್ಯರು ಹೋದರು, ಪೂಜೆ ನಿಂತಿತು, ಬಡವರು ಒಳಗೆ ಬಂದು ಒಲೆ ಹೂಡಿದರು. ಅವರಿದ್ದುದರಿಂದಲೇ ಎಷ್ಟೋ ಗುಡಿಗಳ ಮಾಳಿಗೆ ಬೀಳದೆ ಉಳಿಯಿತೆಂದು ನಮಗೆ ಅನ್ನಿಸುತ್ತದೆ. ಈಗ ಆ ಊರನ್ನು ಸ್ಥಳಾಂತರಿಸುವ ಮಾತು ಹಲವು ದಶಕಗಳಿಂದ ಕೇಳಿಬರುತ್ತಿದೆ. ಅತ್ತ ಹೊಸ ಊರೂ ಆಗದು, ಇತ್ತ ಹಳೆಯ ಮನೆಯನ್ನು ಕಟ್ಟಿಕೊಳ್ಳಲೂ ಆಗದು. ನಡುವೆ ಜನ.

ಕಾಯ್ದೆಯ ಮಾತನ್ನು ಸ್ವಲ್ಪ ತಿಳಿದುಕೊಳ್ಳಿರಿ, ಏಕೆಂದರೆ ತಿಳಿಯದೆ ಹೆದರುವವರೇ ಹೆಚ್ಚು. ಕೇಂದ್ರ ಸರ್ಕಾರದ ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದು. 2010ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರ ಆಚೆಯ 200 ಮೀಟರಿನಲ್ಲಿ ಅಪ್ಪಣೆ ಪಡೆದು ಕಟ್ಟಬೇಕು ಎಂದಾಯಿತು. ಮೊದಲಿನಿಂದ ಇದ್ದ ಮನೆಯ ದುರಸ್ತಿಗೆ ಅಪ್ಪಣೆ ಕೇಳಬಹುದು. ಕೇಳಬಹುದು ಎಂಬುದು ಕಾಗದದ ಮೇಲಿನ ಮಾತು. ಅರ್ಜಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದ ರೈತನಿಗೆ ಅದರ ಭಾರ ಗೊತ್ತು. ಮಗನ ಲಗ್ನವಾಗಿ ಸೊಸೆ ಬಂದಿದ್ದಾಳೆ, ಒಂದು ಕೋಣೆ ಹೆಚ್ಚಿಗೆ ಬೇಕು, ಒಂದು ಶೌಚಾಲಯ ಬೇಕು. ಸಾವಿರ ವರ್ಷದ ಗುಡಿಯ ನೆರಳಿನಲ್ಲಿ ಹುಟ್ಟಿದ್ದು ಅವನ ಅಪರಾಧವಲ್ಲ. ಪರಂಪರೆಯನ್ನು ಉಳಿಸಿರೆಂದು ವೇದಿಕೆಯ ಮೇಲೆ ಹೇಳುವವರು, ನಾವೂ ಸೇರಿ, ಅಂಥ ಮನೆಯವರ ಜೊತೆಗೆ ಕಚೇರಿಯ ಮೆಟ್ಟಿಲನ್ನೂ ಹತ್ತಬೇಕು. ಇಲ್ಲವಾದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಸಂವಿಧಾನಕ್ಕೆ 1976ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದೂ ಒಂದು. ಕರ್ತವ್ಯ ಎಲ್ಲರದು, ಕಷ್ಟ ಮಾತ್ರ ಗುಡಿಯ ಪಕ್ಕದ ನಾಲ್ಕು ಮನೆಯವರದು ಎಂದಾಗಬಾರದು.

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಕೂಡಲಸಂಗಮವನ್ನು ನೋಡಿರಿ. ನಾರಾಯಣಪುರದ ಜಲಾಶಯದ ಹಿನ್ನೀರು ಬಂದಾಗ ಅಣ್ಣನವರ ಐಕ್ಯಸ್ಥಳ ಮುಳುಗಬೇಕಾಗಿತ್ತು. ಸುತ್ತ ಗೋಡೆ ಎಬ್ಬಿಸಿ, ಬಾವಿಯೊಳಗೆ ಇಳಿದಂತೆ ಇಳಿದು ದರ್ಶನ ಮಾಡುವ ವ್ಯವಸ್ಥೆಯಾಯಿತು. ನೀರೂ ಉಳಿಯಿತು, ನೆಲೆಯೂ ಉಳಿಯಿತು.

ಇನ್ನು ನಮ್ಮ ಊರಿಗೆ ಬರೋಣ. ನಮ್ಮ ಗುಡಿಗೂ ನಮ್ಮ ಬಾವಿಗೂ ಯಾವ ಇಲಾಖೆಯ ಫಲಕವೂ ಇಲ್ಲ. ಕಾಯುವವರು ಇದ್ದರೆ ನಾವೇ. ಗುಡಿಯ ಪಂಚರು ನಮ್ಮಲ್ಲಿಗೆ ಬಂದು, "ಅಪ್ಪಾರ, ಮುಂದಿನ ಮಂಟಪ ಸೋರತೈತ್ರಿ, ಕಂಬ ಸವದಾವು. ಅದನ್ನ ಕೆಡವಿ ಸ್ಲ್ಯಾಬ್ ಹಾಕಿಬಿಡೋಣ. ತಾವು ಅಡಿಗಲ್ಲು ಇಡಬೇಕು" ಎಂದು ಕೇಳಿದ್ದಾರೆ. ರೊಕ್ಕವನ್ನೂ ಕೂಡಿಸಿದ್ದಾರೆ. ಅವರ ಶ್ರದ್ಧೆಯಲ್ಲಿ ಕೊರತೆಯಿಲ್ಲ. ಎರಡು ತಿಂಗಳಿನಿಂದ ನಾವು ದಿನ ಕೊಟ್ಟಿಲ್ಲ. ಸ್ವಾಮಿಗಳು ಸಿಟ್ಟಾಗಿದ್ದಾರೆಂದು ಕೆಲವರು, ಎದುರು ಪಾರ್ಟಿಯವರ ಮಾತು ಕೇಳಿದ್ದಾರೆಂದು ಕೆಲವರು ಊಹಿಸಿದ್ದೀರಂತೆ. ಇಂದು ಎಲ್ಲರೆದುರು ಹೇಳುತ್ತೇವೆ. ಆ ಮಂಟಪವನ್ನು ಕೆಡವುವ ಕಾರ್ಯಕ್ಕೆ ನಾವು ಅಡಿಗಲ್ಲು ಇಡುವುದಿಲ್ಲ.

ಕಾರಣ ಕೇಳಿರಿ. ಮಂಟಪ ಸೋರುವುದು ಕಲ್ಲು ಕೆಟ್ಟಿದೆಯೆಂದಲ್ಲ. ಕಲ್ಲಿನ ಹಾಸಿನ ಮೇಲೆ ಹಿರಿಯರು ಸುಣ್ಣದ ಗಚ್ಚು ಹಾಕಿದ್ದರು. ಅದು ಒಡೆದಿದೆ; ಬಿರುಕಿನಲ್ಲಿ ಅರಳಿಯ ಸಸಿ ಬೇರು ಬಿಟ್ಟಿದೆ. ಯಾರೋ ಅದರ ಮೇಲೆ ಸಿಮೆಂಟು ಮೆತ್ತಿದ್ದಾರೆ. ಸುಣ್ಣ ಉಸಿರಾಡುತ್ತದೆ, ಒಳಗಿನ ತಂಪನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ನೀರು ಒಳಗೇ ನಿಂತು, ಉಪ್ಪು ಏರಿ, ಕಲ್ಲಿನ ಮೈ ಹಪ್ಪಳದಂತೆ ಏಳುತ್ತದೆ. ನಿಮ್ಮ ಕಂಬ ಸವೆದದ್ದು ವಯಸ್ಸಿನಿಂದಲ್ಲ, ಮೆತ್ತಿದ ಸಿಮೆಂಟಿನಿಂದ, ಬಳಿದ ಬಣ್ಣದಿಂದ. ಸಸಿಯನ್ನು ಬೇರುಸಹಿತ ತೆಗೆಯಬೇಕು, ಸಿಮೆಂಟನ್ನು ಜೋಕೆಯಿಂದ ಬಿಡಿಸಬೇಕು, ಗಾಣದಲ್ಲಿ ಅರೆದ ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿಯ ನೀರು ಕೂಡಿಸಿ ಮತ್ತೆ ಗಚ್ಚು ಹಾಕಬೇಕು. ಈ ಕೆಲಸ ಬಲ್ಲ ಗೌಂಡಿಗಳು ಕಡಿಮೆಯಾಗಿದ್ದಾರೆ, ಇಲ್ಲವಾಗಿಲ್ಲ. ನೀವು ಕೂಡಿಸಿದ ರೊಕ್ಕ ಇದಕ್ಕೆ ಸಾಲುತ್ತದೆ ಎಂದು ತಿಳಿದವರು ಹೇಳಿದ್ದಾರೆ. ಸಾಲದಿದ್ದರೆ ಮಠ ಕೊಡುತ್ತದೆ. ದಾನಿಗಳ ಹೆಸರು ಬರೆಸುವುದಕ್ಕೆ ಗೋಡೆ ಇರುವುದಿಲ್ಲವೆಂಬುದೊಂದೇ ಚಿಂತೆ! (ನಗು) ಅದಕ್ಕೆ ಪಕ್ಕದಲ್ಲಿ ಬೇರೆ ಕಲ್ಲು ನಿಲ್ಲಿಸೋಣ, ಹಳೆಯ ಕಲ್ಲನ್ನು ಕೆತ್ತಬೇಡಿರಿ.

ಹಳೆಯದೆಲ್ಲ ಹಾಗೇ ಇರಬೇಕೆಂಬುದು ನಮ್ಮ ಮತವಲ್ಲ. ಮೇಲ್ಮುದ್ದೆಯ ಮನೆ ಬೇಸಿಗೆಯಲ್ಲಿ ತಂಪು, ನಿಜ. ಆದರೆ ಒಂದೇ ಬೆಳಕಿಂಡಿಯ ಅಡಿಗೆಮನೆಯಲ್ಲಿ ಹೊಗೆ ಕುಡಿದು ಕಣ್ಣು ಕಳೆದುಕೊಂಡ ತಾಯಂದಿರು ಇಲ್ಲಿಯೇ ಕುಳಿತಿದ್ದಾರೆ. ಅವರಿಗೆ ಕಿಟಕಿ ಬೇಡವೆಂದು ಹೇಳುವ ಪರಂಪರೆ ನಮಗೆ ಬೇಡ. ಕಂಬ, ತೊಲೆ, ಕಟ್ಟೆ ಇರಲಿ, ಕಿಟಕಿ ತೆರೆಯಿರಿ.

ಬಾವಿಯ ಮಾತೂ ಹಾಗೆಯೇ. ನಳ ಬಂದ ಮೇಲೆ ನಮ್ಮ ಮೆಟ್ಟಿಲ ಬಾವಿ ಕಸದ ತೆಗ್ಗಾಯಿತು. ಅದನ್ನು ಮುಚ್ಚಿ ಮೇಲೆ ಅಂಗಡಿ ಕಟ್ಟುವ ಮಾತು ನಡೆದಿದೆ. ಮುಚ್ಚಬಾರದೆಂದು ಹೇಳುತ್ತಿದ್ದೇವೆ. ಆದರೆ ಅದನ್ನು ಹೊಗಳುವ ಮುಂಚೆ, ಆ ಮೆಟ್ಟಿಲುಗಳನ್ನು ಇಳಿಯುವ ಹಕ್ಕು ಯಾರಿಗಿತ್ತು ಎಂಬುದನ್ನೂ ನೆನೆಯಬೇಕು. ಊರಿನ ಕೆಲವು ಓಣಿಯವರು ಮೇಲೆ ನಿಂತು, ಯಾರಾದರೂ ನೀರು ಸುರಿಯಲಿ ಎಂದು ಕೊಡ ಹಿಡಿದು ಕಾಯುತ್ತಿದ್ದರು. ಅದನ್ನು ಕಣ್ಣಾರೆ ಕಂಡ ಹಿರಿಯರು ಈ ಸಭೆಯಲ್ಲಿದ್ದಾರೆ. ಬಾವಿಯನ್ನು ಉಳಿಸುವಾಗ ಆ ಕಟ್ಟಳೆಯ ನೆನಪನ್ನು ಒರೆಸಬೇಡಿರಿ, ಕಟ್ಟಳೆಯನ್ನು ಉಳಿಸಬೇಡಿರಿ. ಕಾಯಲು ನಿಂತವರ ಮೊಮ್ಮಕ್ಕಳ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ಅವರನ್ನೇ ಕೇಳಿರಿ. ನಾವು ಕಳೆದ ವಾರ ಆ ಓಣಿಗೆ ಹೋಗಿ ಕೇಳಿದೆವು. ಒಬ್ಬ ಮುದುಕಿ, "ಮುಚ್ಚಬ್ಯಾಡ್ರಿ ಅಪ್ಪಾರ, ನಾ ಒಮ್ಮೆ ತಳಾತನಕ ಇಳೀಬೇಕು" ಎಂದಳು. ಅಷ್ಟು ಸಾಕಾಯಿತು.

ನಾಡದು ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಹೂಳು ತೆಗೆಯುವ ಕೆಲಸ ಆರಂಭವಾಗುತ್ತದೆ. ಮಳೆ ಬೀಳುವ ಮುಂಚೆ ಮುಗಿಸಬೇಕು. ಸಲಿಕೆ, ಬುಟ್ಟಿ ಇದ್ದವರು ತರಬೇಕು. ಟ್ರ್ಯಾಕ್ಟರ್ ಇದ್ದವರು ಪಂಚರ ಹತ್ತಿರ ಹೆಸರು ಹೇಳಬೇಕು. ಗೋಡೆಯ ಕಲ್ಲಿಗೆ ಹಾರೆ ಮುಟ್ಟಿಸಬಾರದು. ಮಣ್ಣಿನಲ್ಲಿ ಕೆತ್ತಿದ ಕಲ್ಲು, ಅಕ್ಷರದ ಕಲ್ಲು ಏನು ಸಿಕ್ಕರೂ ಸಿಕ್ಕ ಜಾಗದಲ್ಲಿಯೇ ಬಿಟ್ಟು ಹೇಳಿಕಳಿಸಬೇಕು. ಎಲ್ಲ ಓಣಿಯವರೂ ಬರುತ್ತಾರೆ. ಮೊದಲ ಮೆಟ್ಟಿಲನ್ನು ಆ ತಾಯಿ ಇಳಿಯುತ್ತಾಳೆ, ಅವಳ ಹಿಂದೆ ನಾವು ಇಳಿಯುತ್ತೇವೆ. ಮಧ್ಯಾಹ್ನದ ದಾಸೋಹ ಬಾವಿಯ ದಂಡೆಯಲ್ಲಿ, ಒಂದೇ ಪಂಕ್ತಿ.